ನಾಲ್ಕನೇ ಸೀಟಿನ ಬೆಲೆ

ಮುದ್ರೆಯ ಚೌಕಟ್ಟಿನ ಬಲಗಡೆಯ ಕೆಳಮೂಲೆ ಇರಲಿಲ್ಲ. ಅಲ್ಲಿ ರಬ್ಬರು ಒಂದು ಅಕ್ಕಿಕಾಳಿನಷ್ಟು ಕಿತ್ತುಹೋಗಿತ್ತು. ಹಾಗಾಗಿ ಅದನ್ನು ಒತ್ತಿದಲ್ಲೆಲ್ಲ ‘ಗೌರವ ಪ್ರತಿ’ ಎಂಬ ಎರಡು ಪದಗಳು ಮೂಲೆ ಮುರಿದ ಪೆಟ್ಟಿಗೆಯೊಳಗೆ ಕೂತಂತೆ ಕಾಣುತ್ತಿದ್ದವು. ಜೊತೆಗಿದ್ದ ತಗಡಿನ ಇಂಕ್ ಪ್ಯಾಡಿನ ಮುಚ್ಚಳ ತೆಗೆದೆ. ಒಣಗಿರಬಹುದು ಅಂದುಕೊಂಡಿದ್ದೆ, ಒಣಗಿರಲಿಲ್ಲ. ನೇರಳೆ ಶಾಯಿಯ ಆ ಸಿಹಿ ಬೆರೆತ ಕಮಟು ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ಬಂತು. ಮುಚ್ಚಳ ಹಾಕಿದೆ. ವಾಸನೆ ಹೋಗಲಿಲ್ಲ...

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡ, ಕೆಡವಿ ಹೊಸದಾಗಿ ಕಟ್ಟಲು, ರೀಡೆವಲಪ್‌ಮೆಂಟಿಗೆ ಹೋಗಿದೆ. ಬಿಲ್ಡರ್ ಕೊಟ್ಟ ತಾರೀಖಿನೊಳಗೆ ಮನೆ ಖಾಲಿ ಮಾಡಬೇಕು. ಅಪ್ಪನ ಕಪಾಟು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಪ್ಪ ಠಾಣೆಯ ನೌಪಾಡಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು. ನಮ್ಮ ಊರ ಕಡೆಯವರ ಸಂಘಕ್ಕೆ ಬಹಳ ವರ್ಷ ಜೊತೆ ಕಾರ್ಯದರ್ಶಿಯೂ ಆಗಿದ್ದರು. ಮುದ್ರೆ ಸಂಘದ್ದು. ನನ್ನ ಕೈಯಲ್ಲಿ ಅದನ್ನು ನೋಡಿ ಅಪ್ಪನಿಗೆ ಖುಷಿಯಾಯಿತು.

"ಅದು ಇಲ್ಲೇ ಉಂಟಾ! ಜೋಪಾನ ಮಗಾ. ನಾಳೆ ಮೀಟಿಂಗಿಗೆ ಕೊಂಡುಹೋಗ್ತೇನೆ. ನನ್ನ ಚೀಲಕ್ಕೆ ಹಾಕಿಡು."

ನಾನು ಹೂಂ ಅಂದೆ. ಅಷ್ಟರಲ್ಲಿ ಮೂರನೇ ಮಹಡಿಯ ಟ್ಯೂಷನ್ ಅಕ್ಕ ನೆನಪಾಗಿದ್ದಳು.

ಒಂಬತ್ತು ಮತ್ತು ಹತ್ತನೇ ಕ್ಲಾಸಿನ ಗಣಿತವನ್ನು ನಾನು ಕಲಿತದ್ದು ಅವಳ ಹತ್ತಿರ. ಆರು ಮಂದಿ ಚಾಪೆಯ ಮೇಲೆ ಕೂತಿರುತ್ತಿದ್ದೆವು. ಬಾಗಿಲ ಪಕ್ಕದಲ್ಲಿ ಅವಳ ಅಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದರು. ಬಾಡಿಗೆ ಮನೆ, ತಂದೆ ಇರಲಿಲ್ಲ. ಅಕ್ಕ ಸೂತ್ರಗಳನ್ನು ಹೇಳುವಾಗ ಡಸ್ಟರಿನಿಂದ ಬೋರ್ಡಿನ ಅಂಚಿಗೆ ತಾಳ ಹಾಕುತ್ತಿದ್ದಳು. ಅವಳಿಗೆ ತಾಳವಿಲ್ಲದೆ ಏನನ್ನೂ ಹೇಳಲು ಬರುವುದಿಲ್ಲ ಅಂತ ನಾವು ನಗುತ್ತಿದ್ದೆವು. ಅವಳು ರ‍್ಯಾಪ್ ಹಾಡುತ್ತಾಳೆಂದು ನನಗೆ ಗೊತ್ತಾದದ್ದು ಆಮೇಲೆ, ನಾನು ಕಾಲೇಜಿಗೆ ಹೋಗುವಾಗ, ಒಂದೇ ಲೇಡೀಸ್ ಡಬ್ಬಿಯಲ್ಲಿ ಸಿಕ್ಕಾಗ. ದಿವಾ ದಾಟಿ ಮುಂಬ್ರಾ ಗುಡ್ಡದ ಸುರಂಗ ಬಂದಾಗ ಫಾಸ್ಟ್ ಲೋಕಲ್ಲಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆಗ ಅವಳು ತನ್ನ ಸಾಲುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಬೆಳಕು ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ಸುರಂಗದೊಳಗೆ ಅವಳ ತುಟಿಗಳು ಆಡುವುದನ್ನಷ್ಟೇ ನಾನು ಎಷ್ಟೋ ದಿನ ನೋಡಿದ್ದೇನೆ.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದ ವರ್ಷ ಅವಳ ಮಿಕ್ಸ್‌ಟೇಪ್ ತಯಾರಾಯಿತು. ಮಿಕ್ಸ್‌ಟೇಪ್ ಅಂದರೆ ಕ್ಯಾಸೆಟ್ ಅಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ರ‍್ಯಾಪ್ ಹಾಡುವವರು ತಾವೇ ಹೊರತರುವ ಹಾಡುಗಳ ಒಂದು ಕಟ್ಟು. ಅವಳದರಲ್ಲಿ ಒಂಬತ್ತು ಹಾಡುಗಳಿದ್ದವು. ಹೆಸರು ‘ನಾಲ್ಕನೇ ಸೀಟ್’. ಲೋಕಲ್ಲಿನಲ್ಲಿ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರು ಒಂದು ತೊಡೆ ಊರಿ ಕೂರುತ್ತೇವಲ್ಲ, ಅದು. ಕನ್ನಡ, ತುಳು, ಡೊಂಬಿವಲಿಯ ಹಿಂದಿ ಎಲ್ಲ ಕಲಸಿದ ಭಾಷೆ. ಮೊದಲ ಹಾಡಿನ ಮೂರು ಸಾಲು ನನಗೆ ಈಗಲೂ ಬಾಯಿಗೆ ಬರುತ್ತವೆ:

ಮೂವರ ಸೀಟಲ್ಲಿ ನಾಲ್ಕನೆಯವಳು, ಅರ್ಧ ಕೂತಿದ್ದೇನೆ,
ಥೋಡಾ ಸರ್ಕೋ ಅಂದರೆ ಸರಿಯುದಿಲ್ಲ ಯಾರೂ, ಅರ್ಧ ನಿಂತಿದ್ದೇನೆ,
ಪಾಸಿಗೆ ಮಾತ್ರ, ಕೇಳಿ ಬಾಯಿ, ಪೂರ್ತಿ ದುಡ್ಡು ಕೊಟ್ಟಿದ್ದೇನೆ.

ಒಂದು ಭಾನುವಾರ ಮಧ್ಯಾಹ್ನ ಅವಳು ನನ್ನನ್ನು ಮೇಲೆ ಕರೆದಳು. ಬೋರ್ಡಿನ ಮೇಲೆ ಖರ್ಚುಗಳನ್ನು ಬರೆದಿಟ್ಟಿದ್ದಳು. ವಾಶಿಯ ಸಗಟು ಮಾರುಕಟ್ಟೆಯ ಹಿಂದೆ, ಕಿಟಕಿ ತೆರೆದರೆ ಈರುಳ್ಳಿ ವಾಸನೆ ಬರುವ ಒಂದು ಸಣ್ಣ ಸ್ಟುಡಿಯೋದ ಗಂಟೆಯ ಲೆಕ್ಕ. ಬೇರೆಯವರು ಮಾಡಿದ ಬೀಟುಗಳನ್ನು, ಅಂದರೆ ಹಾಡಿನ ಹಿಂದೆ ಓಡುವ ತಾಳದ ಸಂಗೀತವನ್ನು, ಬಳಸಲು ಕೊಟ್ಟ ಹಣ, ರಶೀದಿ ಸಮೇತ. ಮತ್ತೆ ಕಾರ್ಡುಗಳು. ಸಿ.ಡಿ. ಹಾಕಲು ಈಗ ಯಾರ ಮನೆಯಲ್ಲೂ ಏನೂ ಇಲ್ಲವಲ್ಲ. ಅದಕ್ಕೆ ಅವಳು ರೈಲ್ವೆ ಪಾಸಿನ ಅಳತೆಯ ಕಾರ್ಡು ಅಚ್ಚು ಹಾಕಿಸಿದ್ದಳು. ಒಂದೊಂದರ ಮೇಲೂ ಒಂದೊಂದು ಕೋಡು. ಅದನ್ನು ಫೋನಿನಲ್ಲಿ ಒತ್ತಿದರೆ ಒಂಬತ್ತೂ ಹಾಡು ತೆರೆದುಕೊಳ್ಳುತ್ತಿದ್ದವು. ಒಂದು ಕೋಡು ಒಬ್ಬರಿಗೆ ಮಾತ್ರ. ಕಾರ್ಡನ್ನು ಇಡಲು, ಸ್ಟೇಷನ್ನಿನ ಹೊರಗೆ ಮಾರುತ್ತಾರಲ್ಲ, ಆ ನೀಲಿ ಬೆನ್ನಿನ ಪಾಸ್ ಕವರು. ಒಟ್ಟು ಇನ್ನೂರು.

"ನೀನು ಎಕನಾಮಿಕ್ಸಿನವಳು. ರೇಟ್ ಎಷ್ಟಿಡುವ, ಹೇಳು."

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ನಾನೂರು. ಒಂದು ಕಾರ್ಡಿಗೆ ನೂರಹನ್ನೆರಡು ಬಿದ್ದಿತ್ತು. ಇಂಥವನ್ನು ಹೆಚ್ಚಿನವರು ಫ್ರೀ ಕೊಡುತ್ತಾರೆ, ಕೇಳುಗರು ಹೆಚ್ಚಾದ ಮೇಲೆ ದುಡ್ಡು ಬರುತ್ತದೆ ಅಂತ ನಾನು ಓದಿದ್ದೆ. ಅದನ್ನೇ ಹೇಳಿದೆ. ಇಲ್ಲವಾದರೆ ಮೊದಲ ಸಲ ನಷ್ಟವಾದರೂ ಚಿಂತೆಯಿಲ್ಲ, ತೊಂಬತ್ತೊಂಬತ್ತು ಇಡಬಹುದು ಅಂದೆ.

"ತೊಂಬತ್ತೊಂಬತ್ತಾ? ನಾನೆಂತ ಚಪ್ಪಲಿಯಾ ಮಾರಾಯ್ತಿ?"

ಮಿಷನ್ನಿನ ಹಿಂದಿನಿಂದ ಅವಳ ಅಮ್ಮ ನಕ್ಕರು. ಅಕ್ಕ ಬೋರ್ಡಿನ ಮೇಲೆ ನೂರೈವತ್ತು ಅಂತ ಬರೆದು ಸುತ್ತ ಗೆರೆ ಎಳೆದಳು. "ವಡಾಪಾವಿಗೆ ಹದಿನೈದು. ನನ್ನ ಒಂಬತ್ತು ಹಾಡು ಸೇರಿ ಹತ್ತು ವಡಾಪಾವಾದರೂ ಆಗ್ಬೇಕಲ್ಲ. ಫ್ರೀ ಮಾತ್ರ ಒಂದೂ ಇಲ್ಲ. ಫ್ರೀ ಕೊಟ್ಟದ್ದನ್ನು ಯಾರೂ ಕೇಳುದಿಲ್ಲ, ಚೀಲದಲ್ಲಿ ಹಾಕಿ ಮರೀತಾರೆ."

ಹೇಳಿದಂತೆಯೇ ನಡೆದುಕೊಂಡಳು. ಮೊದಲ ಕಾರ್ಡನ್ನು ಅವಳ ಅಮ್ಮ ಬ್ಲೌಸಿನೊಳಗಿನ ಪರ್ಸಿನಿಂದ ನೂರೈವತ್ತು ತೆಗೆದುಕೊಟ್ಟು ಕೊಂಡರು. ಎರಡನೆಯದು ನನ್ನದು. ಆಮೇಲೆ ಠಾಣೆಯ ಒಂದು ಕೆಫೆಯಲ್ಲಿ ಹಾಡಿ ಕೆಲವು, ಲೇಡೀಸ್ ಡಬ್ಬಿಯ ಗೆಳತಿಯರಿಗೆ ಕೆಲವು... ಎರಡು ತಿಂಗಳಲ್ಲಿ ಐವತ್ತು ಕಾರ್ಡು ಹೋದವು. ಆ ಐವತ್ತರಲ್ಲಿ ನಲವತ್ತೆಂಟು ಕೋಡುಗಳು ತೆರೆದಿದ್ದವು. ಅದನ್ನು ಅವಳು ಫೋನಿನಲ್ಲಿ ದಿನಾ ನೋಡುತ್ತಿದ್ದಳು. "ನೋಡು, ದುಡ್ಡು ಕೊಟ್ಟವರು ಕೇಳ್ತಾರೆ," ಅನ್ನುತ್ತಿದ್ದಳು. ಉಳಿದ ನೂರೈವತ್ತು ಹೋದರೆ ಇಪ್ಪತ್ತೆರಡು ಸಾವಿರದ ಐನೂರು ಬರುತ್ತಿತ್ತು. ಅಂದರೆ ಇನ್ನೊಂದು ಟೇಪು. ಅದಕ್ಕೂ ಹಾಡುಗಳು ತಯಾರಿದ್ದವು. ಕೈಬರಹದ ಆ ಪುಸ್ತಕವನ್ನು ನಾನು ನೋಡಿದ್ದೇನೆ.

ಆಗಲೇ ಅಪ್ಪ ಸಂಘದ ವಾರ್ಷಿಕೋತ್ಸವದ ವಿಷಯ ತಂದರು. ಅಧ್ಯಕ್ಷರಿಗೆ, ಮೂರು ಹೋಟೆಲುಗಳ ಯಜಮಾನರು ಅವರು, ಈ ಸಲ ಯುವ ಪ್ರತಿಭೆ ಬೇಕಂತೆ. ಅಕ್ಕ ವೇದಿಕೆಯಲ್ಲಿ ಎರಡು ಹಾಡು ಹೇಳಬೇಕು. ಉಳಿದ ನೂರೈವತ್ತು ಕಾರ್ಡನ್ನೂ ಸಂಘವೇ ತೆಗೆದುಕೊಂಡು ಬಂದವರಿಗೆ ಹಂಚುತ್ತದೆ. ನಾನು ಮೇಲೆ ಹೋಗಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾವ ರೇಟಿಗೆ?"

ಕೆಳಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪನ ಮುಖ ಸಣ್ಣದಾಯಿತು. "ಹಾಗೆಲ್ಲ ಬಾಯಿಬಿಟ್ಟು ಕೇಳುವುದು ಚೆಂದ ಅಲ್ಲ ಮಗಾ. ಅಧ್ಯಕ್ಷರು ದೊಡ್ಡ ಮನುಷ್ಯರು. ಕೊಡದೆ ಇರ್ತಾರಾ?"

ನಮ್ಮ ಜನ ಹೀಗೆಯೇ. ಇಡ್ಲಿಯ ಬೆಲೆ ಒಂದು ರೂಪಾಯಿ ಏರಿಸುವ ಮೊದಲು ಮೂರು ದಿನ ಕೂತು ಲೆಕ್ಕ ಹಾಕುತ್ತಾರೆ. ಹಾಡಿನ ಬೆಲೆ ಕೇಳುವುದು ಮಾತ್ರ ಅಸಭ್ಯ. ಅಧ್ಯಕ್ಷರ ನಂಬರು ಅಪ್ಪನ ಡೈರಿಯಲ್ಲಿತ್ತು. ನಾನೇ ಫೋನ್ ಮಾಡಬಹುದಿತ್ತು. ಹೊರಗಿನವರಿಗೆ ಫೋನ್ ಮಾಡುವುದೆಂದರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಮೂರನೇ ಮಹಡಿಗೆ ಹತ್ತಿ, ಬಾಗಿಲಲ್ಲೇ ನಿಂತು, "ನೂರೈವತ್ತರಂತೆ ಕೊಡ್ತಾರಂತೆ ಅಕ್ಕ" ಅಂದೆ.

ಅವಳು ಅಂದೇ ವಾಶಿಗೆ ಫೋನ್ ಮಾಡಿ ಎರಡನೇ ಟೇಪಿಗೆ ಸ್ಟುಡಿಯೋ ಕಾದಿರಿಸಿದಳು. ತಾಲೀಮಿಗೆ ಸಮಯ ಬೇಕೆಂದು ಎಂಟನೇ ಕ್ಲಾಸಿನ ಟ್ಯೂಷನ್ ಬ್ಯಾಚನ್ನು ಬಿಟ್ಟಳು.

ಕಾರ್ಯಕ್ರಮ ಠಾಣೆಯ ಒಂದು ಹಾಲಿನಲ್ಲಿತ್ತು. ಬೆಳಿಗ್ಗೆ ಬಾಗಿಲ ಪಕ್ಕದ ಮೇಜಿನಲ್ಲಿ ನನ್ನನ್ನು ಕೂರಿಸಿದರು. ಒಂದು ಬಟ್ಟೆ ಚೀಲದೊಳಗೆ ಸ್ಮರಣಸಂಚಿಕೆ, ಲಾಡಿನ ಪ್ಯಾಕೆಟ್ಟು, ಅಕ್ಕನ ಕಾರ್ಡು ಹಾಕಿ ಬಂದವರಿಗೆ ಕೊಡುವುದು ನನ್ನ ಕೆಲಸ. ಸಂಘದ ಖಜಾಂಚಿ ಬಂದು ಈ ಮುದ್ರೆಯನ್ನೂ ಇಂಕ್ ಪ್ಯಾಡನ್ನೂ ಮುಂದಿಟ್ಟರು. "ಹಂಚುವ ಎಲ್ಲದಕ್ಕೂ ಹೊಡೆಯಮ್ಮ. ಇಲ್ಲದಿದ್ದರೆ ಸಂಘ ವ್ಯಾಪಾರಕ್ಕೆ ಇಳಿದಿದೆ ಅಂತಾರೆ."

"ಕಾರ್ಡಿಗೂ?"

"ಅದಕ್ಕೂ. ಅದೆಂತ ಬೇರೆಯಾ?"

ಆ ಮುದ್ರೆಯ ಅರ್ಥ ನನಗೆ ತಿಳಿಯದ್ದಲ್ಲ. ಒಮ್ಮೆ ಅದು ಬಿದ್ದರೆ ಆ ವಸ್ತುವಿಗೆ ಬೆಲೆಯಿಲ್ಲ, ಅದಕ್ಕೆ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ನಾನು ಎದ್ದು ಒಳಗೆ ಹೋಗಿ ಅಕ್ಕನಿಗೆ ಹೇಳಬಹುದಿತ್ತು. ಅವಳು ಬಣ್ಣದ ಕೋಣೆಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಕಣ್ಣು ಮುಚ್ಚಿ ತಾಳ ಹಾಕುತ್ತ ಕೂತಿದ್ದಳು. ನಾನು ಏಳಲಿಲ್ಲ. ನೂರೈವತ್ತು ಕಾರ್ಡುಗಳನ್ನೂ ಕವರಿನಿಂದ ಒಂದೊಂದಾಗಿ ತೆಗೆದು, ಕೆಳಗಿನ ಎಡಮೂಲೆಯಲ್ಲಿ ಮುದ್ರೆ ಒತ್ತಿ, ಶಾಯಿ ಒಣಗಲು ಊದಿ, ಮತ್ತೆ ಕವರಿಗೆ ಹಾಕಿದೆ. ಕೋಡಿನ ಮೇಲೆ ಬೀಳದಂತೆ ಜಾಗ್ರತೆ ಮಾಡಿದೆ. ಒಂದೂ ಸೊಟ್ಟಗಾಗಲಿಲ್ಲ. ಇವತ್ತು ನನಗೆ ಅತ್ಯಂತ ಹೇಸಿಗೆಯಾಗುವುದು ನನ್ನ ಆ ಜಾಗ್ರತೆಯ ಬಗ್ಗೆ.

ಭಜನೆಗೂ ಮಕ್ಕಳ ಛದ್ಮವೇಷಕ್ಕೂ ನಡುವೆ ಅವಳನ್ನು ಕರೆದರು. ಅವಳ ಸ್ವರವನ್ನು ಅಷ್ಟು ದೊಡ್ಡದಾಗಿ ನಾನು ಕೇಳಿದ್ದು ಅದೇ ಮೊದಲು. ಮುಂದಿನ ಸಾಲಿನ ಹೆಂಗಸರು ಮೊದಲು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ‘ಥೋಡಾ ಸರ್ಕೋ’ ಬಂದಾಗ ನಗಲು ಶುರು ಮಾಡಿದರು. ಒಳ್ಳೆಯ ನಗು, ಗುರುತು ಸಿಕ್ಕಿದ ನಗು. ಒಂದು ನಿಮಿಷ, ಎಲ್ಲ ಸರಿಯಾಗುತ್ತದೆ ಅಂತ ನನಗೂ ಅನ್ನಿಸಿತು... ಎರಡನೇ ಹಾಡಿನ ಅರ್ಧಕ್ಕೆ ಮೈಕು ನಿಂತಿತು. ಮುಖ್ಯ ಅತಿಥಿಗಳಿಗೆ ಹೊರಡಲು ಹೊತ್ತಾಗಿತ್ತಂತೆ. ಸನ್ಮಾನ ಮುಗಿಸಿಬಿಡೋಣ ಅಂದರು.

ಜರಿ ಅಂಚಿನ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಅಧ್ಯಕ್ಷರು ಶಾಲು ಹೊದಿಸಿ, ಫೋಟೋದವನ ಕಡೆ ತಿರುಗಿ ನಿಂತು, ಮೈಕಿನಲ್ಲಿ ಹೇಳಿದರು: "ಇವಳ ಕಾರ್ಡು ನಿಮ್ಮೆಲ್ಲರ ಚೀಲದಲ್ಲಿ ಉಂಟು. ಸಂಘಕ್ಕೆ ಪ್ರೀತಿಯಿಂದ ಕೊಟ್ಟಿದ್ದಾಳೆ. ಕಲೆಗೆ ಬೆಲೆ ಕಟ್ಟಲಿಕ್ಕೆ ನಮ್ಮಿಂದ ಆಗುತ್ತದಾ?"

ಚಪ್ಪಾಳೆ. ನನ್ನ ಕೈಗಳೂ ಆಗಲೇ ತಟ್ಟುತ್ತಿದ್ದವು. ಅಕ್ಕ ಮೈಕಿನ ಹತ್ತಿರ ಬಗ್ಗಿದಳು.

"ಕಟ್ಟಿದ್ದೇನೆ ಸಾರ್. ನೂರೈವತ್ತು."

ಹಾಲಿಗೆ ಹಾಲೇ ನಕ್ಕಿತು. ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. ಅಧ್ಯಕ್ಷರು ಅವಳ ಹೆಗಲು ತಟ್ಟಿ, "ನೋಡಿ, ಹುಡುಗಿಯ ಮೈಯಲ್ಲಿ ಹೋಟೆಲಿನವರ ರಕ್ತ ಹರೀತಾ ಉಂಟು!" ಅಂದರು. ಮತ್ತೆ ಚಪ್ಪಾಳೆ. ಅವಳು ನಗಲಿಲ್ಲ. ವೇದಿಕೆಯಿಂದ ಸೀದಾ ನನ್ನ ಕಡೆ ನೋಡಿದಳು. ನಾನು ಮೇಜಿನ ಮೇಲಿನ ಚೀಲಗಳನ್ನು ಎಣಿಸತೊಡಗಿದೆ.

ಅವತ್ತು ಮೈಕಿನವರಿಗೆ ದುಡ್ಡು ಕೊಟ್ಟರು. ಹೂವಿನವರಿಗೆ ಕೊಟ್ಟರು, ಅಡುಗೆಯವರಿಗೆ ಕೊಟ್ಟರು. ಅವರದು ಕಲೆಯಲ್ಲವಲ್ಲ.

ಊಟದ ಹೊತ್ತಿಗೆ ಇನ್ನೊಂದು ಶುರುವಾಯಿತು. ಚೀಲ ಬಿಚ್ಚಿದ ಹೆಂಗಸರಿಗೆ ಪಾಸ್ ಕವರು ಕಣ್ಣಿಗೆ ಬಿತ್ತು. ಕಾರ್ಡು ತೆಗೆದು ಪಕ್ಕಕ್ಕಿಟ್ಟು ಅಲ್ಲೇ ತಮ್ಮ ರೈಲ್ವೆ ಪಾಸುಗಳನ್ನು ಅದಕ್ಕೆ ತುರುಕತೊಡಗಿದರು. ಕಲ್ಯಾಣದಿಂದ ಬಂದಿದ್ದ ಒಬ್ಬರು ನನ್ನ ಮೇಜಿಗೇ ಬಂದರು.

"ಕವರ್ ಲಾಯ್ಕುಂಟು ಮಾರಾಯ್ತಿ, ಪಾಸಿಗೆ ಸಮ ಕೂರ್ತದೆ. ಇನ್ನೊಂದು ಕೊಡು, ನಮ್ಮವರಿಗೂ ಆಯ್ತು."

"ಅದರಲ್ಲಿ ಕಾರ್ಡು ಉಂಟಲ್ಲ..."

"ಕಾರ್ಡು ನೀನೇ ಇಟ್ಟುಕೋ. ನನಗೆಂತಕ್ಕೆ?"

ಕೊಟ್ಟೆ. ಅವರಿಗೂ, ಅವರ ಹಿಂದೆ ಬಂದ ಇಬ್ಬರಿಗೂ. ಕೆಳಗಿನ ಊಟದ ಹಾಲಿನಲ್ಲಿ ಬಾಳೆಲೆಗಳ ಅಂಚಿನಲ್ಲಿ ಕಾರ್ಡುಗಳು ಬಿದ್ದಿದ್ದವು. ಒಬ್ಬರು ಒಂದರ ಮೇಲೆ ಉಪ್ಪಿನಕಾಯಿಯ ಓಟೆ ಇಟ್ಟಿದ್ದರು. ಎಲೆ ಮಡಚಿದಾಗ ಕಾರ್ಡೂ ಒಳಗೆ ಹೋಗುತ್ತಿತ್ತು. ಪಾಯಸ ಮೆತ್ತಿದ ‘ನಾಲ್ಕನೇ ಸೀಟ್’, ಸಾರಿನಲ್ಲಿ ಅದ್ದಿದ ‘ನಾಲ್ಕನೇ ಸೀಟ್’...

ಕೈ ತೊಳೆಯುವ ಕಡೆ ಅಕ್ಕ ಸಿಕ್ಕಳು. ಶಾಲು ಇನ್ನೂ ಹೆಗಲ ಮೇಲಿತ್ತು. ಎಲೆಗಳ ಡ್ರಮ್ಮಿನ ಪಕ್ಕ ನಿಂತು ಕೈಗೆ ಸಿಕ್ಕ ಕಾರ್ಡುಗಳನ್ನು ಹೆಕ್ಕಿ ನಲ್ಲಿಯ ಕೆಳಗೆ ತೊಳೆಯುತ್ತಿದ್ದಳು. ಸಾರು ಹೋಗುತ್ತಿತ್ತು. ನೇರಳೆ ಮುದ್ರೆ ಹರಡುತ್ತಿತ್ತು, ಹೋಗುತ್ತಿರಲಿಲ್ಲ. ನನ್ನನ್ನು ನೋಡಿ ಒಂದು ಕಾರ್ಡು ಎತ್ತಿ ಹಿಡಿದಳು.

"ಇದು ನೀನು ಹೊಡೆದದ್ದಾ?"

"ಹೌದು."

"ನೆಟ್ಟಗೆ ಹೊಡೆದಿದ್ದಿ." ನಲ್ಲಿ ನಿಲ್ಲಿಸಿ ಕೇಳಿದಳು, "ನೂರೈವತ್ತು ಅಂತ ಅವರು ಹೇಳಿದ್ದು ಹೌದಾ?"

ನಾನು ಇಲ್ಲ ಅಂತ ತಲೆಯಾಡಿಸಿದೆ. ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹೆಗಲಿನಿಂದ ಶಾಲು ತೆಗೆದಳು, ಎರಡೂ ಕೈಯಲ್ಲಿ ಬಿಡಿಸಿದಳು, ವೇದಿಕೆಯಲ್ಲಿ ಮಾಡುವ ಹಾಗೆಯೇ ನನಗೆ ಹೊದಿಸಿದಳು.

"ತಗೋ. ಬೆಳಿಗ್ಗೆಯಿಂದ ದುಡಿದಿದ್ದಿ."

ಅದರಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ ಇತ್ತು. ಒಂದು ಮೂಲೆಯಲ್ಲಿ ಬೆಲೆಯ ಚೀಟಿ ಪಿನ್ನಿನ ಸಮೇತ ಹಾಗೇ ಉಳಿದಿತ್ತು: ನೂರ ಅರವತ್ತು ರೂಪಾಯಿ.

ಮರುದಿನ ಶಾಲು ಹಿಂದಿರುಗಿಸಲು ಮೇಲೆ ಹೋದೆ. ಬಾಗಿಲು ತೆಗೆದದ್ದು ಅವಳ ಅಮ್ಮ. ಕುತ್ತಿಗೆಯಲ್ಲಿ ಅಳತೆಯ ಟೇಪು. ಶಾಲನ್ನು ನೋಡಿದರು, ಮುಟ್ಟಲಿಲ್ಲ.

"ಅವಳು ಕೊಟ್ಟದ್ದಲ್ವಾ, ನೀನೇ ಇಟ್ಟುಕೋ. ಫಾಲ್ ಹಚ್ಚಿದ್ದಕ್ಕೆ ನನಗೆ ಯಾರೂ ಶಾಲು ಹೊದಿಸಲಿಲ್ಲ ಮಗಾ. ಅದಕ್ಕೇ ಇಷ್ಟು ವರ್ಷ ಬಾಡಿಗೆ ಕಟ್ಲಿಕ್ಕಾಯ್ತು."

ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನು ಶಾಲು ಹಿಡಿದುಕೊಂಡು ಇಳಿದೆ. ನಮ್ಮಮ್ಮ ಅದನ್ನು ಗ್ರೈಂಡರಿಗೆ ಸುತ್ತಿ ಅಟ್ಟದ ಮೇಲಿಟ್ಟರು. ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ. ಸಂಘದವರ ಮನೆಗಳಲ್ಲಿ ಶಾಲುಗಳಿಗೆ ಬರವಿಲ್ಲ.

ಎರಡು ವಾರವಾದ ಮೇಲೆ ಅಕ್ಕ ಫೋನಿಗೆ ಒಂದು ಮೆಸೇಜು ಕಳಿಸಿದಳು. ನೂರೈವತ್ತು ಕಾರ್ಡುಗಳಲ್ಲಿ ತೆರೆದ ಕೋಡುಗಳ ಲೆಕ್ಕ. ಒಂದೇ ಸಂಖ್ಯೆ, ಬೇರೆ ಮಾತಿಲ್ಲ: ಹನ್ನೊಂದು. ಅದಕ್ಕೆ ಉತ್ತರವಾಗಿ ಏನು ಬರೆಯಬೇಕೆಂದು ನಾನು ಬಹಳ ದಿನ ಯೋಚಿಸಿದೆ... ಬರೆಯಲಿಲ್ಲ. ವಾಶಿಯ ಸ್ಟುಡಿಯೋವನ್ನು ಅವಳು ಬಿಟ್ಟುಕೊಟ್ಟಳೆಂದು ಅವಳ ಅಮ್ಮನಿಂದ ತಿಳಿಯಿತು. ಬಿಟ್ಟ ಬ್ಯಾಚು ಅಷ್ಟರಲ್ಲಿ ಬೇರೆ ಕ್ಲಾಸಿಗೆ ಸೇರಿತ್ತು. ಮೂರು ತಿಂಗಳಿಗೆ ಅವರು ಮನೆ ಖಾಲಿ ಮಾಡಿದರು. ನಾನು ಕಿಟಕಿಯಿಂದ ನೋಡಿದೆ. ಟೆಂಪೋದಲ್ಲಿ ಮೊದಲು ಹೊಲಿಗೆ ಮಿಷನ್ನು, ಕೊನೆಗೆ ಬೋರ್ಡು. ಇಳಿದು ಹೋಗಿ ಒಂದು ಕೈ ಹಿಡಿಯಬಹುದಿತ್ತು.

ಮುಂಬ್ರಾದ ಯಾವುದೋ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ ಅಂತ ಒಬ್ಬರು ಹೇಳಿದ್ದರು. ಇಲ್ಲ, ಮದುವೆಯಾಗಿ ಬೇರೆ ಕಡೆ ಹೋದಳು ಅಂತ ಇನ್ನೊಬ್ಬರು. ಎರಡನೇ ಟೇಪು ಬಂದದ್ದನ್ನು ನಾನಂತೂ ಎಲ್ಲೂ ಕಾಣಲಿಲ್ಲ. ಆದರೆ ಎಷ್ಟೋ ತಿಂಗಳು ಡೊಂಬಿವಲಿ ಸ್ಟೇಷನ್ನಿನಲ್ಲಿ ನಮ್ಮ ಕಡೆಯ ಹೆಂಗಸರು ಟಿ.ಸಿ.ಗೆ ಪಾಸು ತೋರಿಸುವಾಗ ಆ ನೀಲಿ ಕವರು ನನ್ನ ಕಣ್ಣಿಗೆ ಬೀಳುತ್ತಿತ್ತು. ಚೆನ್ನಾಗಿ ಬಾಳಿಕೆ ಬಂತು ಅದು.

ಅವತ್ತು, ಮುದ್ರೆ ಸಿಕ್ಕಿದ ಸಂಜೆ, ನನ್ನ ಪರ್ಸಿನ ಒಳಗಿನ ಖಾನೆಯಿಂದ ನನ್ನ ಕಾರ್ಡು ತೆಗೆದೆ. ಮುದ್ರೆ ಬೀಳದ, ದುಡ್ಡು ಕೊಟ್ಟು ಕೊಂಡ ಕಾರ್ಡು. ಹಾಡುಗಳು ಹಳೆಯ ಫೋನಿನ ಜೊತೆ ಹೋಗಿದ್ದವು. ಕೋಡು ಒತ್ತಿದೆ. ಪುಟವೇ ಇಲ್ಲ ಅಂತ ಬಂತು. ಅವಳ ನಂಬರು ಇನ್ನೂ ನನ್ನ ಹತ್ತಿರ ಇತ್ತು. ಫೋನ್ ಮಾಡುವ ಧೈರ್ಯ ಬರಲಿಲ್ಲ. ದುಡ್ಡು ಕಳಿಸುವ ಆ್ಯಪಿನಲ್ಲಿ ಆ ನಂಬರು ಹಾಕಿ ಇಪ್ಪತ್ತೆರಡು ಸಾವಿರದ ಐನೂರು ಅಂತ ಒತ್ತಿದೆ. ಈಗ ನನಗೆ ಸಂಬಳವಿದೆ, ಅದು ಕೊಡಲಾಗದ ಮೊತ್ತವಲ್ಲ. ಕಳಿಸುವ ಮೊದಲು ಪರದೆಯ ಮೇಲೆ ಹೆಸರು ಬರುತ್ತದಲ್ಲ, ಯಾರೋ ಗಂಡಸಿನ ಹೆಸರು ಬಂತು. ನಾನು ಕೇಳಿಯೇ ಇಲ್ಲದ ಹೆಸರು. ನಂಬರು ಬೇರೆ ಯಾರಿಗೋ ಹೋಗಿತ್ತು. ಆ ದುಡ್ಡು ಈಗ ಅವಳಿಗೆ ತಲುಪುವುದಿಲ್ಲ. ತಲುಪಿದ್ದರೂ ಅವಳು ತೆಗೆದುಕೊಳ್ಳುತ್ತಿದ್ದಳು ಅಂತ ನಾನು ನಂಬಿಲ್ಲ. ಅವಳು ಮಾರಲು ಇಟ್ಟದ್ದು ಹಾಡುಗಳನ್ನು. ನಾನು ಕೊಳ್ಳಲು ಹೊರಟದ್ದು ಬೇರೆ ಏನನ್ನೋ.

ಪಕ್ಕದ ಕೋಣೆಯಿಂದ ಅಪ್ಪ ಕೇಳಿದರು, "ಚೀಲಕ್ಕೆ ಹಾಕಿದ್ಯಾ?"

"ಹಾಕ್ತೇನೆ."

ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಬ್ಲೇಡು ತೆಗೆದುಕೊಂಡೆ. ಮುದ್ರೆಯ ರಬ್ಬರನ್ನು ಮರದಿಂದ ಮೆಲ್ಲನೆ ಎಬ್ಬಿಸಿದೆ. ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಕತ್ತರಿಸಿ, ಪೇಪರಿನಲ್ಲಿ ಮಡಚಿ, ಒಣಕಸದ ಡಬ್ಬಕ್ಕೆ ಹಾಕಿದೆ. ಕೈಗೆ ಹತ್ತಿದ ಶಾಯಿಯನ್ನು ಎರಡು ಸಲ ಸೋಪು ಹಾಕಿ ತೊಳೆದೆ. ಆಮೇಲೆ ಮರದ ಹಿಡಿಯನ್ನು ಮಾತ್ರ, ಅಪ್ಪ ಹೇಳಿದಂತೆಯೇ, ಜೋಪಾನವಾಗಿ ಅವರ ಚೀಲಕ್ಕೆ ಹಾಕಿಟ್ಟೆ.